ಕಾಂಡೋಮ್ ಕೊಟ್ಟರಷ್ಟೇ ಸಾಲದು: ತಿಹುವಾನಾದಿಂದ ಕಲಿಯಬೇಕಾದ ಕ್ರಮ

ತಿಹುವಾನಾ ಮೆಕ್ಸಿಕೊದ ಗಡಿ ಊರು. ಬೇಲಿಯ ಆಚೆಗೆ ಅಮೆರಿಕದ ಸ್ಯಾನ್ ಡಿಯೇಗೊ. ಇಲ್ಲಿನ ಸೋನಾ ನೋರ್ತೆ ಪ್ರದೇಶದಲ್ಲಿ ಲೈಂಗಿಕ ವೃತ್ತಿ ಬಹಿರಂಗವಾಗಿಯೇ ನಡೆಯುತ್ತದೆ. ಈ ವೃತ್ತಿಯಲ್ಲಿದ್ದು ಡ್ರಗ್ಸ್ ಚುಚ್ಚಿಕೊಳ್ಳುವ ಹೆಣ್ಣುಮಕ್ಕಳೂ ಇಲ್ಲಿ ಅನೇಕರಿದ್ದಾರೆ. 2004–06ರಲ್ಲಿ ತಿಹುವಾನಾ ಮತ್ತು ಇನ್ನೊಂದು ಗಡಿ ಊರಾದ ಸಿಯುದಾದ್ ಹುವಾರೆಸ್‌ನಲ್ಲಿ ನಡೆದ ಅಧ್ಯಯನದಲ್ಲಿ ಇಂಥವರ ಪೈಕಿ ಸುಮಾರು ಶೇ 12 ಮಂದಿಗೆ ಎಚ್‌ಐವಿ ಇತ್ತು. ಡ್ರಗ್ಸ್ ಚುಚ್ಚಿಕೊಳ್ಳದ ಲೈಂಗಿಕ ಕಾರ್ಯಕರ್ತೆಯರಲ್ಲಿ ಅದು ಶೇ 5ರ ಆಸುಪಾಸು.

ಡ್ರಗ್ಸ್ ಚುಚ್ಚಿಕೊಳ್ಳುವ ಲೈಂಗಿಕ ಕಾರ್ಯಕರ್ತೆಯರಿಗೆ ಸೋಂಕು ಎರಡು ದಾರಿಯಲ್ಲಿ ಬರಬಹುದು. ಒಂದು ಗಿರಾಕಿಯಿಂದ, ಇನ್ನೊಂದು ಸೂಜಿಯಿಂದ. ಒಂದನ್ನೇ ಮುಚ್ಚಿದರೆ ಪ್ರಯೋಜನ ಕಡಿಮೆ. ಇಂಥ ಕೆಲಸಕ್ಕೆ ಇಳಿಯುವ ನರ್ಸ್‌ಗಳು, ಸಮಾಜಕಾರ್ಯ ಓದುವವರು ಹೇಗೆ ಶುರು ಮಾಡಬೇಕು?

ಮೊದಲು ಎದುರಿಗಿರುವ ಹೆಣ್ಣುಮಗಳ ದಿನ ಹೇಗಿರುತ್ತದೆ ಅಂತ ಕೇಳಿ. ಉಪದೇಶ ಬೇಡ. ಹೆರಾಯಿನ್ ಸಿಗದೆ ಕೆಲವು ಗಂಟೆ ಕಳೆದರೆ ಮೈಕೈ ನೋವು, ವಾಂತಿ, ಬೆವರು ಶುರುವಾಗುತ್ತವೆ. ಅಲ್ಲಿನವರು ಇದನ್ನು ಮಲೀಯಾ ಎನ್ನುತ್ತಾರೆ. ಆ ಹೊತ್ತಿಗೆ ಗಿರಾಕಿ ಬಂದು, ಕಾಂಡೋಮ್ ಇಲ್ಲದಿದ್ದರೆ ಜಾಸ್ತಿ ಕೊಡುತ್ತೇನೆ ಎಂದರೆ ಏನಾಗುತ್ತದೆ? ಅವಳು ಒಪ್ಪುವುದು ಎಚ್‌ಐವಿ ಬಗ್ಗೆ ಗೊತ್ತಿಲ್ಲದೆ ಅಲ್ಲ, ಆ ನೋವು ತಾಳಲಾಗದೆ. ಆದ್ದರಿಂದ ನಶೆಯ ಚಿಕಿತ್ಸೆ, ಹೆರಾಯಿನ್ ಬದಲಿಗೆ ಕೊಡುವ ಔಷಧ ಮೆಥಡೋನ್ ಸಿಗುವ ಜಾಗದ ಮಾಹಿತಿ ಮೊದಲ ಭೇಟಿಯಲ್ಲೇ ಕೈಯಲ್ಲಿರಬೇಕು.

ಎರಡನೆಯದು, ಮಾತಿನ ಅಭ್ಯಾಸ. 2008–10ರಲ್ಲಿ ಈ ಎರಡೂ ಊರುಗಳಲ್ಲಿ ಮುಹೇರ್ ಮಾಸ್ ಸೆಗೂರಾ ಎಂಬ ಪ್ರಯೋಗ ನಡೆಯಿತು. ಕೆಲವರಿಗೆ ಬರೀ ಪಾಠ. ಇನ್ನು ಕೆಲವರ ಜೊತೆ ಕೂತು ಮಾತಾಡಿ, ಗಿರಾಕಿಯನ್ನು ಹೇಗೆ ಒಪ್ಪಿಸುವುದು ಎಂದು ಅಭ್ಯಾಸ ಮಾಡಿಸಿದರು. ಬರೀ ಪಾಠ ಕೇಳಿದವರಿಗೆ ಹೋಲಿಸಿದರೆ ಅಭ್ಯಾಸ ಮಾಡಿದವರಲ್ಲಿ ಹೊಸದಾಗಿ ಬಂದ ಎಚ್‌ಐವಿ ಮತ್ತು ಇತರ ಲೈಂಗಿಕ ಸೋಂಕುಗಳು ಒಟ್ಟಾರೆ ಅರ್ಧಕ್ಕಿಂತ ಜಾಸ್ತಿ ಕಡಿಮೆಯಿದ್ದವು! ಹಾಗಾಗಿ ನೀವು ಗಿರಾಕಿಯಾಗಿ ಮಾತಾಡಿ, ಅವಳು ಉತ್ತರ ಕೊಡಲಿ. ಕಾಂಡೋಮ್ ಮಾತು ಕೋಣೆಗೆ ಹೋಗುವ ಮೊದಲೇ ಮುಗಿಯಬೇಕು. ಒಪ್ಪದಿದ್ದರೆ ಸಂಭೋಗವಿಲ್ಲದ ಬೇರೆ ದಾರಿ ಹೇಳಬಹುದು. ಹಿಂಸೆಯ ಸುಳಿವು ಕಂಡರೆ ಹಟ ಬೇಡ, ಅಲ್ಲಿಂದ ಹೊರಡಲಿ. ಜೊತೆಗಿರುವ ಗಂಡಸಿನ ಬಗ್ಗೆಯೂ ಕೇಳಿ. ಗಿರಾಕಿಯ ಜೊತೆ ಕಾಂಡೋಮ್ ಬಳಸುವವಳು ಅವನ ಜೊತೆ ಬಳಸದಿರಬಹುದು. ಸೂಜಿ ಹಂಚಿಕೊಳ್ಳುವುದೂ ಎಷ್ಟೋ ಸಲ ಅವನ ಜೊತೆಗೇ.

ಸೂಜಿಯ ವಿಷಯದಲ್ಲಿ ಮಾತಿಗಿಂತ ಸರಬರಾಜು ಮುಖ್ಯ. ಅದೇ ಪ್ರಯೋಗದ ಹೊತ್ತಿಗೆ ತಿಹುವಾನಾದಲ್ಲಿ ಸೂಜಿ ವಿನಿಮಯ ಕಾರ್ಯಕ್ರಮ, ಅಂದರೆ ಬಳಸಿದ ಸೂಜಿ ಪಡೆದು ಹೊಸದು ಕೊಡುವುದು, ಹೆಚ್ಚಾಗಿತ್ತು. ಅಲ್ಲಿ ಪಾಠ ಕೇಳಿದವರೂ ಅಭ್ಯಾಸ ಮಾಡಿದವರೂ ಹಂಚಿಕೊಳ್ಳುವುದನ್ನು ಒಂದೇ ರೀತಿ ಕಡಿಮೆ ಮಾಡಿದರು. ಹುವಾರೆಸ್‌ನಲ್ಲಿ ಮಾತ್ರ ಅಭ್ಯಾಸ ಮಾಡಿದವರು ಮುಂದಿದ್ದರು. ಹೊಸ ಸಿರಿಂಜ್ ಕೊಡುವಾಗ ಶುದ್ಧ ನೀರು, ಹತ್ತಿ, ಕರಗಿಸುವ ಚಮಚವನ್ನೂ ಕೊಡಿ. ಯಕೃತ್ತಿನ ಸೋಂಕಾದ ಹೆಪಟೈಟಿಸ್ ಸಿ ಇವುಗಳನ್ನು ಹಂಚಿಕೊಂಡರೂ ಹರಡಬಹುದು.

ಇಷ್ಟೆಲ್ಲ ಕೊಟ್ಟರೂ ಪೊಲೀಸರು ಕಿತ್ತುಕೊಂಡರೆ? ಮೆಕ್ಸಿಕೊದಲ್ಲಿ ಸಿರಿಂಜ್ ಕೊಳ್ಳಲು ವೈದ್ಯರ ಚೀಟಿ ಬೇಕಿಲ್ಲ, ಇಟ್ಟುಕೊಳ್ಳುವುದು ಅಪರಾಧವೂ ಅಲ್ಲ. ಆದರೂ ಅದಕ್ಕಾಗಿಯೇ ಹಿಡಿಯುತ್ತಿದ್ದರು. ಆ ಹೆದರಿಕೆಗೆ ಹೆಣ್ಣುಮಕ್ಕಳು ಪಿಕಾದೇರೊಗಳಿಗೆ, ಅಂದರೆ ಕದ್ದುಮುಚ್ಚಿ ಚುಚ್ಚಿಕೊಳ್ಳುವ ಜಾಗಗಳಿಗೆ ಹೋಗಿ, ಅಲ್ಲಿ ಸಿಕ್ಕ ಸೂಜಿಯನ್ನೇ ಬಳಸುವಂತಾಗುತ್ತಿತ್ತು. 2015ರಲ್ಲಿ ಶುರುವಾದ ಪ್ರೊಯೆಕ್ತೊ ಎಸ್ಕೂದೊ ಎಂಬ ತರಬೇತಿಯಲ್ಲಿ ತಿಹುವಾನಾದ ಸಾವಿರಕ್ಕೂ ಹೆಚ್ಚು ಪೊಲೀಸರಿಗೆ ಕಾನೂನಿನ ಜೊತೆಗೆ, ತಮಗೇ ಸೂಜಿ ಚುಚ್ಚದಂತೆ ನೋಡಿಕೊಳ್ಳುವುದನ್ನೂ ಹೇಳಿಕೊಟ್ಟರು. ಠಾಣೆಗೆ ಹೋಗುವವರು ಮಾತನ್ನು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಪೊಲೀಸರಿಗೂ ಅದು ಬೇಕಾದ ವಿಷಯ.

ಕೊನೆಯದು ಪರೀಕ್ಷೆ ಮತ್ತು ಔಷಧ. ಕಾಂಡೋಮ್ ಹರಿದರೆ ಅಥವಾ ಸೂಜಿ ಹಂಚಿಕೊಂಡಿದ್ದರೆ 72 ಗಂಟೆಯೊಳಗೆ ಪೆಪ್, ಅಂದರೆ ಅಪಾಯ ಎದುರಾದ ಮೇಲೆ ಎಚ್‌ಐವಿ ತಡೆಯಲು ಕೊಡುವ ಔಷಧ, ಶುರುವಾಗಬೇಕು. 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಅಪಾಯ ಮತ್ತೆ ಮತ್ತೆ ಎದುರಾಗುವವರಿಗೆ ಮುಂಚೆಯೇ ತೆಗೆದುಕೊಳ್ಳುವ ಪ್ರೆಪ್ ಇದೆ. ಕ್ಲಿನಿಕ್ ಮಧ್ಯಾಹ್ನ ಅಥವಾ ಸಂಜೆ ತೆರೆದಿರಲಿ. ರಾತ್ರಿಯಿಡೀ ಕೆಲಸ ಮಾಡಿದವಳು ಬೆಳಿಗ್ಗೆ 9ಕ್ಕೆ ಬಂದು ಸಾಲಿನಲ್ಲಿ ನಿಲ್ಲುವುದಿಲ್ಲ. ಫಲಿತಾಂಶವನ್ನು ಅವಳೊಬ್ಬಳಿಗೇ ಹೇಳಿ, ಜೊತೆಗೆ ಬಂದವರಿಗಲ್ಲ.