ಉದ್ಯಮಶೀಲತೆ ಓದುವುದು ಹೇಗೆ? ಪಠ್ಯದ ಪಕ್ಕದಲ್ಲೊಂದು ಲೆಕ್ಕದ ಪುಸ್ತಕ ಇರಲಿ

ಬಿಬಿಎ, ಬಿಕಾಂ ಮಕ್ಕಳ ಬ್ಯಾಗಿನಲ್ಲಿ ‘ಉದ್ಯಮಶೀಲತಾ ಅಭಿವೃದ್ಧಿ’ ಪಠ್ಯ ಇರುತ್ತದೆ. ಮೊದಲ ಯುನಿಟ್‌ನಲ್ಲಿ ವ್ಯಾಖ್ಯೆ, ಆಮೇಲೆ ಉದ್ಯಮಿಯ ಗುಣಗಳು. ಬಾಯಿಪಾಠ ಮಾಡಿ ಬರೆದರೆ ಮಾರ್ಕ್ಸ್ ಬರುತ್ತದೆ. ಆದರೆ ಹಲವು ವರ್ಷ ಈ ಪಾಠ ಮಾಡಿದ ಮೇಲೆ ನನಗೆ ಖಾತ್ರಿಯಾಗಿರುವುದು ಇಷ್ಟು: ಓದುವಾಗಲೇ ಒಂದು ಸಣ್ಣ ವ್ಯಾಪಾರ ಮಾಡದಿದ್ದರೆ ಅರ್ಧ ಪಾಠ ತಲೆಗೇ ಹತ್ತುವುದಿಲ್ಲ.

1. ಕೋರ್ಸಿನ ಹೆಸರು ನೋಡಿ ಮರುಳಾಗಬೇಡಿ

ಪದವಿಯ ಹೆಸರಿನಲ್ಲಿ ‘ಉದ್ಯಮಶೀಲತೆ’ ಇದೆ ಅಂತ ಜಾಸ್ತಿ ಫೀಸು ಕಟ್ಟುವ ಮುಂಚೆ, ಅಲ್ಲಿ ಓದುತ್ತಿರುವ ಹುಡುಗರನ್ನೇ ಕೇಳಿ: ಪ್ರಾಜೆಕ್ಟ್ ಅಂದರೆ ಸುಮ್ನೆ ವರದಿಯಾ, ಅಥವಾ ಏನಾದರೂ ಮಾರಿ ತೋರಿಸಬೇಕಾ? 2024-25ರಿಂದ ಬಿಬಿಎ ಕೋರ್ಸ್ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ವ್ಯಾಪ್ತಿಗೆ ಬಂದಿದೆ, ಆ ಮಾನ್ಯತೆಯನ್ನೂ ವಿಚಾರಿಸಿ. ಕಾಲೇಜಿನಲ್ಲಿ ಈ ವಿಷಯವೇ ಇಲ್ಲದಿದ್ದರೆ ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಪಾಠಗಳನ್ನು ಉಚಿತವಾಗಿ ಕೇಳಬಹುದು. ಅದರ ಕ್ರೆಡಿಟ್ ಸಿಗುತ್ತದಾ ಅಂತ ಮೊದಲೇ ವಿಭಾಗದ ಮುಖ್ಯಸ್ಥರನ್ನು ಕೇಳಿಕೊಳ್ಳಿ.

2. ಬಳೆ ಎಸೆಯುವ ದೂರ

ಪಠ್ಯದಲ್ಲಿ ‘ಕಾಕಿನಾಡ ಪ್ರಯೋಗ’ ಅಂತ ಐದು ಮಾರ್ಕಿನ ಪ್ರಶ್ನೆ ಬರುತ್ತದೆ. ಡೇವಿಡ್ ಮೆಕ್‌ಕ್ಲೆಲಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ತರಬೇತಿ ಕೊಟ್ಟು, ಸಾಧಿಸಬೇಕೆಂಬ ಹಟವನ್ನು ಕಲಿಸಬಹುದು ಎಂದು ತೋರಿಸಿದರು. ಅವರ ಅಧ್ಯಯನಗಳಲ್ಲಿ ಒಂದು ಆಟವೂ ಇದೆ. ಗೂಟಕ್ಕೆ ಬಳೆ ಎಸೆಯಬೇಕು, ಎಷ್ಟು ದೂರದಿಂದ ಎನ್ನುವುದು ಅವರವರ ಇಷ್ಟ. ಕೆಲವರು ಗೂಟದ ಬುಡದಲ್ಲೇ ನಿಂತರು, ಕೆಲವರು ತೀರಾ ದೂರ ಹೋದರು. ಸಾಧನೆಯ ಹಟ ಇದ್ದವರು ಮಧ್ಯದಲ್ಲಿ ನಿಂತರು: ಕಷ್ಟ ಹೌದು, ಆದರೆ ಪ್ರಯತ್ನಪಟ್ಟರೆ ಬೀಳುತ್ತದೆ.

ನಿಮ್ಮ ಮೊದಲ ವ್ಯಾಪಾರವನ್ನೂ ಆ ದೂರದಲ್ಲೇ ಇಡಿ. ಮೊದಲ ಸೆಮಿಸ್ಟರ್‌ನಲ್ಲೇ ಆ್ಯಪ್ ಕಟ್ಟಿ ಕೋಟಿ ಬಂಡವಾಳ ತರುವ ಮಾತು ಬೇಡ. ಪೂರ್ತಿ ಮುಳುಗಿದರೂ ಮನೆಯವರಿಗೆ ಹೊರೆಯಾಗದಷ್ಟು ದುಡ್ಡು ಹಾಕಿ, 1,000 ರೂಪಾಯಿಯಾದರೂ ಸಾಕು.

3. ಲೆಕ್ಕ ಬರೆಯಿರಿ, ಪೂರ್ತಿ ಬರೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಒಬ್ಬ ವಿದ್ಯಾರ್ಥಿ ಮನೆಯಿಂದ ಶೇಂಗಾ ಚಟ್ನಿಪುಡಿ ತಂದು ಹಾಸ್ಟೆಲ್‌ನಲ್ಲಿ ಮಾರುತ್ತಿದ್ದ. ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲ ಸೇರಿ 200 ರೂಪಾಯಿ. ಅದರಿಂದ 100 ಗ್ರಾಮಿನ ಹತ್ತು ಪ್ಯಾಕೆಟ್. ಒಂದಕ್ಕೆ 30 ರೂಪಾಯಿಯಂತೆ 300. “ಸರ್, ನೂರು ರೂಪಾಯಿ ಲಾಭ” ಅಂತ ಖುಷಿಯಾಗಿ ಬಂದ.

ಇಬ್ಬರೂ ಕೂತು ಮತ್ತೆ ಬರೆದೆವು. ಕವರ್, ಲೇಬಲ್ಲಿಗೆ ಪ್ಯಾಕೆಟ್ಟಿಗೆ 3ರಂತೆ 30. ಗ್ಯಾಸು, ಮಿಕ್ಸಿಗೆ 15. ಬಸ್ಸಿಗೆ 20. ಒಟ್ಟು 265. ಒಂದು ಪ್ಯಾಕೆಟ್ ರುಚಿ ನೋಡಲು ಹಂಚಿದ್ದ, ಇನ್ನೊಂದು ಉಳಿದಿತ್ತು. ಕೈಗೆ ಬಂದಿದ್ದು 240. ಅಂದರೆ 25 ರೂಪಾಯಿ ನಷ್ಟ. ಹುರಿದು, ಸಿಪ್ಪೆ ತೆಗೆದು, ಕುಟ್ಟಿ ಕೊಟ್ಟ ಅಮ್ಮನ ಕೂಲಿಯನ್ನು ಅವನು ಬರೆದೇ ಇರಲಿಲ್ಲ. ಅದನ್ನು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತ.

ಮುಂದಿನ ಸಲ ಒಟ್ಟಿಗೇ ಮೂರು ಪಟ್ಟು ಮಾಡಿಸಿದ. ಸಾಮಾನಿಗೆ 600, ಕವರಿಗೆ 90, ಗ್ಯಾಸಿಗೆ 40, ಬಸ್ಸಿಗೆ ಅದೇ 20. ಒಟ್ಟು 750. ಬೆಲೆ 35 ಮಾಡಿ 28 ಪ್ಯಾಕೆಟ್ ಮಾರಿದ, 980 ಬಂತು. ಉಳಿದ 230ನ್ನು ಅಮ್ಮನ ಕೈಗೇ ಕೊಟ್ಟ. ಎಷ್ಟು ಮಾಡಿದರೂ ಅಷ್ಟೇ ಇರುವ ಸ್ಥಿರ ವೆಚ್ಚ, ಮಾಡಿದಷ್ಟೂ ಏರುವ ಬದಲಾಗುವ ವೆಚ್ಚ ಎಂದರೇನು ಅಂತ ಅವನಿಗೆ ಮತ್ತೆ ಪಾಠ ಮಾಡಬೇಕಾಗಲಿಲ್ಲ. ಆ ಬಸ್ ಚಾರ್ಜು ಕಲಿಸಿತ್ತು.

ಉದ್ರಿಗೆ ಬೇರೆ ಪುಟ ಇಡಿ. ಗೆಳೆಯರ ಹತ್ತಿರ ಬಾಕಿ ಕೇಳುವುದು ಕಷ್ಟ, ಅಲ್ವಾ? ಅದನ್ನೂ ಈಗಲೇ ಕಲಿಯಬೇಕು.

4. ಕಾಗದಪತ್ರ

ವ್ಯಾಪಾರ ಕೈ ಹಿಡಿಯಿತು ಅನ್ನಿಸಿದರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ. ಆಧಾರ್, ಪ್ಯಾನ್ ಬೇಕು, ಸರ್ಕಾರಿ ಪೋರ್ಟಲ್‌ನಲ್ಲಿ ಒಂದು ಪೈಸೆ ಶುಲ್ಕವಿಲ್ಲ. ದುಡ್ಡು ಕೇಳುವ ಬೇರೆ ಜಾಲತಾಣಗಳೂ ಇವೆ, ಹುಷಾರು. ತಿನ್ನುವ ಪದಾರ್ಥ ಮಾರುವುದಾದರೆ, ಎಷ್ಟೇ ಸಣ್ಣದಿರಲಿ, ಮೊದಲೇ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ.

5. ಪದವಿ ಮುಗಿದ ಮೇಲೆ

ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಯುವಜನರಿಗೆ ಊಟ, ವಸತಿ ಕೊಟ್ಟು ಉಚಿತವಾಗಿ ಸ್ವಉದ್ಯೋಗ ತರಬೇತಿ ನೀಡುತ್ತದೆ. ಇದೇ ಮಾದರಿಯ ಸಂಸ್ಥೆಗಳು ಈಗ ಬೇರೆ ಬೇರೆ ಜಿಲ್ಲೆಗಳಲ್ಲಿವೆ. ಕೈಕೆಲಸ ಬೇಕಾದವರು ಅಲ್ಲಿ ಕೇಳಿ ನೋಡಿ. ತಂತ್ರಜ್ಞಾನದ ಕಡೆ ಒಲವಿದ್ದರೆ, ಹೊಸ ಉದ್ಯಮಗಳಿಗೆ ನೆರವಾಗುವ ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್, ಬೆಂಗಳೂರು ಐಐಎಂನ ಎನ್‌ಎಸ್‌ಆರ್‌ಸಿಇಎಲ್ ಇವೆ.

ಇನ್ನು, ಬ್ಯಾಂಕಿಗೆ ಸಣ್ಣ ವ್ಯಾಪಾರಗಳಿಗೆ ಕೊಡುವ ಮುದ್ರಾ ಸಾಲ ಕೇಳಲು ಹೋಗುವಾಗ (ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ) ಮೂರು ವರ್ಷ ಬರೆದ ಆ ಲೆಕ್ಕದ ಪುಸ್ತಕವನ್ನೂ ತೆಗೆದುಕೊಂಡು ಹೋಗಿ. ನಷ್ಟ ಆದ ಪುಟಗಳನ್ನು ಹರಿಯಬೇಡಿ. ಮ್ಯಾನೇಜರ್ ಕೇಳಿದರೆ ಆ ನಷ್ಟ ಯಾಕಾಯಿತು, ಮುಂದಿನ ಸಲ ಏನು ಬದಲಾಯಿಸಿದಿರಿ ಅಂತ ಅದೇ ಪುಟ ತೆರೆದು ಹೇಳಿ.