ಹಳೆಯ ಫೋರ್ಡ್ ಮುಂದಿನ ಆಕ್ಸಲ್ ಗುರುತಿಸುವ ಬಗೆ

ಕಳೆದ ಬೇಸಿಗೆಯಲ್ಲಿ ಗೋಕಾಕದ ಕಡೆಯ ಹುಡುಗನೊಬ್ಬ ಟೆಂಪೊದಲ್ಲಿ ಒಂದು ಆಕ್ಸಲ್ ಹೇರಿಕೊಂಡು ಬೆಳಗಾವಿಯ ಉದ್ಯಮಬಾಗದ ನನ್ನ ಲೇತ್ ಅಂಗಡಿಗೆ ಬಂದ. ಅವನ ಅಜ್ಜನ ಟೈರ್ ಬಂಡಿಯ ಅಡಿಯಲ್ಲಿ ಇದ್ದದ್ದು ಅದು. "ಕಾಕಾ, ಇದು 1932ರ ಫೋರ್ಡಿನದಂತೆ. ಹಾಟ್ ರಾಡ್ ಕಟ್ಟಬೇಕು" ಎಂದ. ಹಾಟ್ ರಾಡ್ ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರು. ಅದನ್ನು ಕಟ್ಟುವವರಲ್ಲಿ 1932ರ ಗಾಡಿಗೆ ಬೇಡಿಕೆ ಹೆಚ್ಚು, ಹಾಗಾಗಿ ಸಿಕ್ಕ ಆಕ್ಸಲ್‌ಗೆಲ್ಲ ಆ ವರ್ಷವನ್ನೇ ಅಂಟಿಸುತ್ತಾರೆ. ಯಾರ ಮಾತನ್ನೂ ನಂಬಬೇಡಿ. ಮೊದಲು ಮಣ್ಣು, ಗ್ರೀಸು ತೊಳೆದು ಕಬ್ಬಿಣವನ್ನೇ ಕೇಳಿ.

ತುದಿಗಳಿಂದ ಆರಂಭಿಸಿ. ಆಕ್ಸಲ್ಲಿನ ತುದಿಯೇ ಕವಲೊಡೆದು, ಚಕ್ರ ಹೊರುವ ಸ್ಪಿಂಡಲ್ ಅದರ ನಡುವೆ ಕುಳಿತಿದ್ದರೆ ಅದು ಮಾಡೆಲ್ ಟಿ, ಅಂದರೆ 1927ಕ್ಕೆ ನಿಂತುಹೋದ ಗಾಡಿಯದು. ತುದಿ ಒಂದೇ ಗಟ್ಟಿ ಗುಂಡಾಗಿದ್ದು ಸ್ಪಿಂಡಲ್‌ಗೆ ಕವಲಿದ್ದರೆ ಮಾಡೆಲ್ ಟಿ ಬಳಿಕ ಬಂದ ಮಾಡೆಲ್ ಎ ಅಥವಾ ಅದರ ನಂತರದ್ದು. ಐ ಆಕಾರದ ಬದಲು ದುಂಡನೆಯ ಕೊಳವೆ ಕಂಡರೆ ಅದು 1937ರಿಂದ 1940ರವರೆಗಿನ 60 ಅಶ್ವಶಕ್ತಿಯ ವಿ8 ಫೋರ್ಡಿನದು.

ಮುಂದಿನ ಪ್ರಶ್ನೆ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗ್, ಎಲ್ಲಿತ್ತು ಎಂಬುದು. 1934ರವರೆಗೆ ಅಡ್ಡ ಪಾಟಾ ಆಕ್ಸಲ್ಲಿನ ನೆತ್ತಿಯ ಮೇಲೇ ಕೂರುತ್ತಿತ್ತು. 1935ರಿಂದ ಆಕ್ಸಲ್ಲಿನ ಮುಂದಕ್ಕೆ ಹೋಯಿತು, ಅದನ್ನು ಹಿಡಿಯುವ ಕೊಂಡಿ ವಿಶ್‌ಬೋನ್ (ಆಕ್ಸಲ್ಲನ್ನು ಹಿಂದಿನಿಂದ ಹಿಡಿಯುವ ಕವಲು ಕಂಬಿ) ತುದಿಗೆ ಬಂತು. 1949ರಲ್ಲಿ ಫೋರ್ಡ್ ಕಾರುಗಳಿಂದ ಈ ಮುಂದಿನ ಆಕ್ಸಲ್ಲೇ ಮರೆಯಾಯಿತು.

ಹುಡುಗನ ಆಕ್ಸಲ್‌ಗೆ ಪಾಟಾ ಮೇಲೇ ಇತ್ತು. ಮಾಡೆಲ್ ಎ ಗಾಡಿಯದೋ, ಹುಡುಗ ಹೇಳಿದ 1932ರದೋ? ಇಲ್ಲಿ ವರ್ನಿಯರ್ ಬೇಕು. ಪಾಟಾವನ್ನು ಆಕ್ಸಲ್‌ಗೆ ಹಿಡಿಸುವ ಪರ್ಚ್ ಬೋಲ್ಟ್ ತೂರುವ ಜಾಗದಲ್ಲಿ ಆಕ್ಸಲ್ ಎಷ್ಟು ದಪ್ಪವಿದೆ ಎಂದು ಅಳೆಯಿರಿ. ಮಾಡೆಲ್ ಎ ಆದರೆ 2 ಇಂಚು, 1932ರದಾದರೆ 2¼ ಇಂಚು. ತುಕ್ಕು ಉಜ್ಜಿ ನಾಲ್ಕು ಕಡೆ ಹಿಡಿದು ನೋಡಿದೆ. 51 ಮಿಲಿಮೀಟರ್ ಕೂಡ ದಾಟಲಿಲ್ಲ. ಮಾಡೆಲ್ ಎ. ಹುಡುಗನ ಮುಖ ಸಣ್ಣದಾಯಿತು. ನನಗೆ ಮಾತ್ರ ಅದು ಒಳ್ಳೆಯ ಆಕ್ಸಲ್ಲೇ. ಸ್ಪಿಂಡಲ್ಲನ್ನು ಆಕ್ಸಲ್‌ಗೆ ಜೋಡಿಸುವ ಕಿಂಗ್‌ಪಿನ್ ನೋಡಿ ವರ್ಷ ಹೇಳಲು ಹೋಗಬೇಡಿ, 1928ರಿಂದ 1948ರವರೆಗೂ ಅದರ ದಪ್ಪ ಸುಮಾರು 20.6 ಮಿಲಿಮೀಟರ್. ಸ್ಪಿಂಡಲ್ಲುಗಳನ್ನೂ ಜನ ಅದಲುಬದಲು ಮಾಡಿರುತ್ತಾರೆ.

ವರ್ಷಕ್ಕಿಂತ ದೊಡ್ಡದು ಬಿರುಕು. ನಮ್ಮ ಊರಿನ ಫೌಂಡ್ರಿಗಳಲ್ಲಿ ಹಳಬರು ಮಾಡುತ್ತಿದ್ದ ಪರೀಕ್ಷೆಯೇ ಸಾಕು. ಆಕ್ಸಲ್ಲನ್ನು ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಸಿ, ಬೆಳಿಗ್ಗೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ತೆಳ್ಳಗೆ ಉದುರಿಸಬೇಕು. ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ಬಿರುಕಿನೊಳಗೆ ಉಳಿದ ಎಣ್ಣೆ ಮೇಲೇರಿ ಬಿಳಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಈ ಆಕ್ಸಲ್ಲಿನಲ್ಲಿ, ಬಂಡಿಯ ಮೂಕಿ ಕೂರಿಸಲು ಯಾರೋ ಬೆಸುಗೆ ಹಾಕಿದ್ದ ಕಡೆ, ಅಂಥ ಗೆರೆ ಅರ್ಧ ಬೆರಳುದ್ದ ಓಡಿತ್ತು. ಅದರ ಮೇಲೆ ಮತ್ತೆ ಬೆಸುಗೆ ಹಾಕಿಕೊಡಿ ಎಂದು ಹುಡುಗ ಗೋಗರೆದ. ನಾನು ಒಪ್ಪಲಿಲ್ಲ. ಎತ್ತಿನ ನಡಿಗೆಗೆ ಅದು ತಾಳಿದ್ದಿರಬಹುದು. ಹೆದ್ದಾರಿಯಲ್ಲಿ ತುಂಡಾದರೆ ಮುಂದಿನ ಚಕ್ರ ಕೈಗೆ ಸಿಗುವುದಿಲ್ಲ.

ಸ್ಪಿಂಡಲ್ಲುಗಳು ಮಾತ್ರ ನೇರವಾಗಿದ್ದವು, ಅವನ್ನು ಬಿಚ್ಚಿ ಎಣ್ಣೆ ಹಚ್ಚಿ ಕೊಟ್ಟೆ. ಮಾಡೆಲ್ ಎ ಗಾಡಿಯಲ್ಲಿ ಸ್ಟಿಯರಿಂಗ್ ಕಡ್ಡಿ ಹಿಡಿಯುವ ತೋಳು ಚಾಲಕನ ಬದಿಯ ಸ್ಪಿಂಡಲ್‌ಗೆ ಇರುತ್ತದೆ. ನಮ್ಮ ರಸ್ತೆಯ ಗಾಡಿಗೆ ಅದು ಬಲಕ್ಕೆ ಬೇಕು, ಅಮೆರಿಕದಿಂದ ತರಿಸಿದ ಜೋಡಿಯಲ್ಲಿ ಎಡಕ್ಕಿರುತ್ತದೆ. ಅವನ ಕೈಯಲ್ಲಿದ್ದ ಜೋಡಿಗೆ ಬಲದ ತೋಳೇ ಇತ್ತು. ಆಕ್ಸಲ್ ಇನ್ನೊಂದು ಹುಡುಕಬಹುದು, ಈ ಜೋಡಿಯನ್ನು ಯಾರಿಗೂ ಕೊಡಬೇಡ ಎಂದು ಹೇಳಿ ಕಳುಹಿಸಿದೆ.