ತಲೆಗೆ ಬಂದ ಯೋಚನೆಗೂ ಪ್ರೂಫ್ ನೋಡಬೇಕು

ಗದಗನ್ನು ಮುದ್ರಣ ಕಾಶಿ ಅಂತ ಕರೆಯುತ್ತಾರೆ. ನಮ್ಮ ತಂದೆ ಇಲ್ಲಿನ ಒಂದು ಪ್ರೆಸ್‌ನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ನಾನು ಈಗ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ ನಡೆಸುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್, ಶಾಲೆಯ ಪ್ರಗತಿಪತ್ರ, ಇವೇ ನಮ್ಮ ಅನ್ನ. ಮನಸ್ಸಿನ ವಿಷಯ ಹೇಳಲು ನಾನು ಡಾಕ್ಟರೂ ಅಲ್ಲ, ಸ್ವಾಮಿಯೂ ಅಲ್ಲ. ಆದರೆ ಯಾವ ಯೋಚನೆಯ ಮಾತು ಕೇಳಬೇಕು, ಯಾವುದರದ್ದು ಕೇಳಬಾರದು ಅಂತ ಆರಿಸಿಕೊಳ್ಳುವುದನ್ನು ಕಲಿತ ಮೇಲೆ ನನ್ನ ವ್ಯಾಪಾರ, ನಿದ್ದೆ, ಮನೆಯವರ ಜೊತೆಗಿನ ಮಾತು ಎಲ್ಲವೂ ಬೇರೆಯಾಯಿತು. ಅದನ್ನು ಹೇಗೆ ಮಾಡಿದೆ ಅಂತ ಹೇಳುತ್ತೇನೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಸರಿಯಾಗಿ ಲಗ್ನದ ಸೀಸನ್. ಅಚ್ಚಾಗಿ, ಮಡಿಕೆಯಾಗಿ, ಕವರಿಗೆ ಸೇರಿ, ದಾರ ಕಟ್ಟಿಟ್ಟ ಪತ್ರಿಕೆಗಳ ಗಂಟುಗಳು ಅಂಗಡಿಯಲ್ಲೇ ಉಳಿದವು. ಮುಹೂರ್ತದ ದಿನ ದಾಟಿತು, ಒಯ್ಯಲು ಯಾರೂ ಬರಲಿಲ್ಲ. ಮುಂದೆ ಲಗ್ನಗಳು ಮತ್ತೆ ಶುರುವಾದವು. ಅಷ್ಟರಲ್ಲಿ ಜನರಿಗೆ ವಾಟ್ಸ್‌ಆಪ್‌ನಲ್ಲೇ ಕರೆಯುವುದು ರೂಢಿಯಾಗಿತ್ತು. ರಾತ್ರಿ ಕಣ್ಣು ಮುಚ್ಚಿದರೆ ಒಂದೇ ಮಾತು ಕೇಳುತ್ತಿತ್ತು: ಮುಗೀತು, ಇನ್ನು ಪ್ರೆಸ್ ಉಳಿಯಲ್ಲ. ಬೆಳಿಗ್ಗೆ ಶಟರ್ ಎತ್ತಲು ಮನಸ್ಸು ಬರುತ್ತಿರಲಿಲ್ಲ. ಬಂದ ಗಿರಾಕಿಗೆ ಮುಖ ಕೊಟ್ಟು ಮಾತಾಡಲು ಆಗುತ್ತಿರಲಿಲ್ಲ. ಅವರು ಪಕ್ಕದ ಪ್ರೆಸ್‌ಗೆ ಹೋಗುತ್ತಿದ್ದರು. ಅದನ್ನು ನೋಡಿ ಮನಸ್ಸು "ನಾ ಹೇಳಿರಲಿಲ್ಲೇನು?" ಅನ್ನುತ್ತಿತ್ತು. ಯೋಚನೆ ಬದುಕನ್ನು ರೂಪಿಸುತ್ತದೆ ಅನ್ನುವ ಮಾತಿನ ಅರ್ಥ ನನಗೆ ಆಗಿದ್ದು ಹೀಗೆ, ಉಲ್ಟಾ ದಿಕ್ಕಿನಿಂದ.

ಮನೆಯವರು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ನಮ್ಮ ಕಡೆ ಹಳಬರು ಆ ಆಸ್ಪತ್ರೆಯ ಹೆಸರು ತೆಗೆದರೆ ಇವತ್ತಿಗೂ ಗಾಬರಿಯಾಗುತ್ತಾರೆ. ಗಾಬರಿಯಾಗುವಂಥದ್ದು ಏನೂ ಇಲ್ಲ. ಚೀಟಿ ಮಾಡಿಸಬೇಕು, ಸರದಿಗೆ ಕಾಯಬೇಕು, ಕೂತು ಮಾತಾಡಬೇಕು. "ಒಳ್ಳೇದನ್ನೇ ಯೋಚಿಸಿ" ಅಂತ ಯಾರೂ ಹೇಳಲಿಲ್ಲ. ಬಂದ ಯೋಚನೆಯನ್ನು ಬರೆಯಿರಿ, ಅದು ಎಷ್ಟು ನಿಜ ಅಂತ ನೋಡಿರಿ ಅಂದರು.

ಈ ಪದ್ಧತಿಗೆ 1960ರ ದಶಕದಲ್ಲಿ ಒಂದು ಕ್ರಮ ಕೊಟ್ಟವರು ಅಮೆರಿಕದ ಮನೋವೈದ್ಯ ಆರನ್ ಬೆಕ್. ಖಿನ್ನತೆಯಿಂದ ಬಳಲುವವರ ಮಾತು ಕೇಳುತ್ತಾ ಕೇಳುತ್ತಾ ಅವರಿಗೆ ಒಂದು ಸಂಗತಿ ಹೊಳೆಯಿತು. ಏನೋ ಒಂದು ನಡೆಯುತ್ತದೆ, ಹಿಂದೆಯೇ ದುಃಖ ಬರುತ್ತದೆ. ಇವೆರಡರ ನಡುವೆ ಒಂದು ಸಣ್ಣ ಯೋಚನೆ ಸರಕ್ಕನೆ ಬಂದು ಹೋಗುತ್ತದೆ. ಯಾರೂ ಅದನ್ನು ಕರೆದಿರುವುದಿಲ್ಲ. ಆದರೂ ಅದು ಹೇಳಿದ್ದನ್ನು ನಾವು ಪೂರ್ತಿ ನಂಬಿಬಿಡುತ್ತೇವೆ. ಅದನ್ನು ಹಿಡಿದು ನಿಲ್ಲಿಸಿ ವಿಚಾರಿಸುವುದೇ ಚಿಕಿತ್ಸೆಯ ಮುಖ್ಯ ಕೆಲಸ.

ಪ್ರೆಸ್‌ನವರ ತಲೆಗೆ ಇದು ಬೇಗ ಹೋಗುತ್ತದೆ. ಅಚ್ಚಿಗೆ ಮುಂಚೆ ತಪ್ಪು ನೋಡಲು ತೆಗೆಯುವ ಮೊದಲ ಪ್ರತಿ, ಅಂದರೆ ಪ್ರೂಫ್‌ನಲ್ಲಿ, ತಪ್ಪು ಇದ್ದೇ ಇರುತ್ತದೆ. ಹಾಗಂತ ಯಾರೂ ಅದನ್ನು ಹರಿದು ಒಗೆಯುವುದಿಲ್ಲ, ಹಾಗೇ ಮಷಿನ್‌ಗೂ ಏರಿಸುವುದಿಲ್ಲ. ಮೂಲ ಪ್ರತಿ ಪಕ್ಕದಲ್ಲಿಟ್ಟು ಸಾಲು ಸಾಲು ನೋಡುತ್ತೇವೆ. ತಲೆಗೆ ಬಂದ ಯೋಚನೆಯನ್ನೂ ನಾನು ಹಾಗೇ ನೋಡತೊಡಗಿದೆ.

ಕಟಿಂಗ್ ಮಷಿನ್‌ನಿಂದ ಬಿದ್ದ ಕಾಗದದ ಪಟ್ಟಿಗಳನ್ನು ಸ್ಟೇಪಲ್ ಹೊಡೆದು ಒಂದು ಪುಸ್ತಕ ಮಾಡಿಕೊಂಡೆ. ಪುಟದಲ್ಲಿ ನಾಲ್ಕು ಭಾಗ. ಏನಾಯಿತು, ಮನಸ್ಸು ಏನಂತು, ಲೆಕ್ಕ ಏನು ಹೇಳುತ್ತದೆ, ಈಗ ಏನು ಮಾಡಲಿ. ಒಂದು ಪುಟದಲ್ಲಿ ಇದ್ದದ್ದನ್ನು ಇಲ್ಲಿ ಹೇಳುತ್ತೇನೆ.

ಮುಂಡರಗಿ ಕಡೆಯ ಖಾಯಂ ಗಿರಾಕಿ ಫೋನ್ ಮಾಡಿದ್ದರು. "ಈ ಸಲ ಮಗಳ ಲಗ್ನಕ್ಕ ನೂರು ಕಾರ್ಡ್ ಸಾಕ್ರಿ, ಉಳದವ್ರಿಗೆ ಮೊಬೈಲ್‌ನ್ಯಾಗ ಕಳಸ್ತೇವಿ." ಹಿರಿಮಗನ ಲಗ್ನಕ್ಕೆ ಇವರೇ ಸಾವಿರ ಹಾಕಿಸಿದ್ದರು. ಮನಸ್ಸು ಅಂದಿದ್ದು: ಇನ್ನು ಯಾರೂ ಪತ್ರಿಕೆ ಹಾಕಿಸಲ್ಲ, ನನ್ನ ಕೈಲಿ ಬೇರೆ ಏನೂ ಆಗಲ್ಲ.

ಮೂರನೇ ಭಾಗ ಬರೆಯಲು ಜಾಸ್ತಿ ಹೊತ್ತು ಹಿಡಿಯಿತು. ಪತ್ರಿಕೆ ಕಡಿಮೆಯಾಗಿದ್ದು ನಿಜ, ಅದನ್ನು ಮೊದಲು ಬರೆದೆ. ಆದರೆ ಈ ಗಿರಾಕಿ ನೂರು ಹಾಕಿಸುತ್ತಿದ್ದಾರೆ, ಅದೂ ದಪ್ಪ ಕಾಗದದಲ್ಲಿ. ಮನೆದೇವರ ಮುಂದೆ ಇಡಲು, ಬೀಗರಿಗೆ, ಹಿರಿಯರಿಗೆ ಅರಿಷಿಣ ಕುಂಕುಮ ಹಚ್ಚಿ ಕೊಡಲು ಕೈಯಲ್ಲಿ ಹಿಡಿಯುವ ಪತ್ರಿಕೆ ಬೇಕೇ ಬೇಕು. ಬಿಲ್ ಬುಕ್ ತೆಗೆದು ನೋಡಿದೆ. ಪ್ರಗತಿಪತ್ರ, ರಸೀದಿ ಪುಸ್ತಕ, ಔಷಧಿ ಅಂಗಡಿಯ ಕವರ್, ಇವು ಇಳಿದಿರಲಿಲ್ಲ. "ಬೇರೆ ಏನೂ ಆಗಲ್ಲ" ಅನ್ನುವುದಕ್ಕೆ ಬಿಲ್ ಬುಕ್ಕಿನಲ್ಲಿ ಆಧಾರವೇ ಇಲ್ಲ. ಕೊನೇ ಭಾಗದಲ್ಲಿ ಬರೆದೆ: ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ತೂಕ, ತಯಾರಿಸಿದ ದಿನ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರುವ ಲೇಬಲ್ ಬೇಕು. ಸಂಜೆ ಬೆಟಗೇರಿಗೆ ಹೋಗಿ ಕೇಳುವುದು.

ಹೋದೆ. ಮೊದಲ ಮನೆಯಲ್ಲಿ ಬೇಡ ಅಂದರು. ಮುಂದಿನ ಓಣಿಯಲ್ಲಿ ಒಬ್ಬರು, "ಸ್ವಲ್ಪ ಹಾಕಿಕೊಡ್ರಿ, ನೋಡೋಣು" ಅಂದರು. ಲೇಬಲ್ ಕೆಲಸ ಇವತ್ತು ನಮ್ಮ ಪ್ರೆಸ್‌ನಲ್ಲಿ ಲಗ್ನಪತ್ರಿಕೆಗಿಂತ ಜಾಸ್ತಿ. ಯೋಚನೆ ಬದಲಾದ ಕೂಡಲೇ ದುಡ್ಡು ಬಂತು ಅಂತ ನಾನು ಹೇಳುವುದಿಲ್ಲ. ಯೋಚನೆ ಬದಲಾದ್ದಕ್ಕೆ ಅಂಗಡಿಯಿಂದ ಎದ್ದು ಹೋದೆ, ಎದ್ದು ಹೋಗಿದ್ದಕ್ಕೆ ಕೆಲಸ ಸಿಕ್ಕಿತು. ನಾಲ್ಕನೇ ಭಾಗ ಖಾಲಿ ಉಳಿದ ಪುಟಗಳಿಂದ ನನಗೆ ಅಷ್ಟೇನೂ ಉಪಯೋಗ ಆಗಲಿಲ್ಲ.

ಬರೆಯುತ್ತಾ ಹೋದ ಹಾಗೆ ಒಂದು ಗುರುತು ಸಿಕ್ಕಿತು. ಯಾರೂ, ಯಾವಾಗಲೂ, ಏನೂ, ಎಲ್ಲಾ ಅನ್ನುವ ಮಾತು ಎಲ್ಲಿ ಬರುತ್ತದೋ ಅಲ್ಲಿ ಲೆಕ್ಕ ತಪ್ಪಿರುತ್ತದೆ. ಪ್ರೂಫ್ ತಿದ್ದುವ ಕೆಂಪು ಪೆನ್ನಿನಿಂದಲೇ ಅವಕ್ಕೆ ಸುತ್ತು ಹಾಕುತ್ತೇನೆ. ಬರೆಯುವುದು ಸಂಜೆ, ಅಂಗಡಿ ಮುಚ್ಚುವ ಮುಂಚೆ. ಹಾಸಿಗೆಯಲ್ಲಿ ಮಲಗಿ ಪುಸ್ತಕ ಹಿಡಿದರೆ ಪರೀಕ್ಷೆ ಹೋಗಿ ಚಿಂತೆಯೇ ಶುರುವಾಗುತ್ತದೆ.

"ಕೆಟ್ಟದ್ದನ್ನು ತಲೆಗೇ ತರಬೇಡ" ಅನ್ನುವವರು ಬಹಳ ಮಂದಿ. ಅದು ಆಗುವ ಮಾತಲ್ಲ. ಔಷಧಿ ಕುಡಿಯುವಾಗ ಮಂಗನನ್ನು ನೆನೆಯಬೇಡ ಅಂದರೆ ಮಂಗನೇ ನೆನಪಾಗುವ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತಲ್ವಾ? 1987ರಲ್ಲಿ ಡ್ಯಾನಿಯಲ್ ವೆಗ್ನರ್ ಅನ್ನುವ ಮನಃಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು ಹೆಚ್ಚುಕಡಿಮೆ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಅಲ್ಲಿ ಮಂಗನ ಬದಲು ಬಿಳಿ ಕರಡಿ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಜನ ಗಂಟೆ ಬಾರಿಸುತ್ತಲೇ ಇದ್ದರು. ಆಮೇಲೆ ಈಗ ನೆನೆಯಬಹುದು ಅಂದಾಗ, ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ನೆನಪಾಯಿತು. ಅದಕ್ಕೇ ನಾನು ಯಾವ ಯೋಚನೆಯನ್ನೂ ಬಾಗಿಲಲ್ಲೇ ತಡೆಯುವುದಿಲ್ಲ. ಬರಲಿ. ಅದು ಹೇಳಿದಂತೆ ನಡೆಯಬೇಕೋ ಬೇಡವೋ ಅನ್ನುವುದು ಮಾತ್ರ ನನ್ನ ಕೈಯಲ್ಲಿದೆ.

ಇನ್ನೊಂದು ಮಾತು ಹೇಳಲೇಬೇಕು. ಮನಸ್ಸೊಂದಿದ್ದರೆ ಏನು ಬೇಕಾದರೂ ಆಗುತ್ತದೆ ಅನ್ನುವ ಭಾಷಣಕಾರರು ನಮ್ಮೂರಿನಲ್ಲಿ ಪುಟ್ಟರಾಜ ಗವಾಯಿಗಳ ಉದಾಹರಣೆ ಕೊಡುತ್ತಾರೆ. 1914ರಲ್ಲಿ ಹಾನಗಲ್ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡರು. ಹಲವು ವಾದ್ಯ ನುಡಿಸಿದರು, ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಬರೆದರು, 2010ರಲ್ಲಿ ಪದ್ಮಭೂಷಣ ಪಡೆದರು. ಅವರ ಮನೋಬಲಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ಅವರಿಗೆ ಪಂಚಾಕ್ಷರ ಗವಾಯಿಗಳಂಥ ಗುರು ಸಿಕ್ಕಿದ್ದರು, ಅವರೂ ಅಂಧರೇ. ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ವಸತಿ, ಸಂಗೀತ ಪಾಠ ಇತ್ತು, ಈಗಲೂ ಇದೆ. ಆ ಅನ್ನಕ್ಕಾಗಿ ಗುರುಗಳು ನಾಟಕ ಕಂಪನಿಯನ್ನೇ ಕಟ್ಟಿ ಊರೂರು ತಿರುಗಿದರು. ಇದನ್ನೆಲ್ಲ ಬಿಟ್ಟು ಬರೀ "ಮನಸ್ಸು ಮಾಡಿದರು, ಆಯಿತು" ಅಂದರೆ ಆ ಗುರುವಿಗೂ, ಜೋಳಿಗೆಗೆ ಕಾಳು ಹಾಕಿದ ಜನರಿಗೂ ಅನ್ಯಾಯ. ಹಸಿದವನಿಗೆ, ಸಾಲದಲ್ಲಿ ಮುಳುಗಿದವನಿಗೆ "ನಿನ್ನ ಯೋಚನೆ ಸರಿ ಇಲ್ಲ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನಗೂ ಬರೆಯುವ ಪುಸ್ತಕದ ಜೊತೆಗೆ ಧಾರವಾಡಕ್ಕೆ ಕರೆದೊಯ್ದ ಮನೆಯವರಿದ್ದರು, ಬಾಕಿಗೆ ತಡೆದುಕೊಂಡ ಕಾಗದದ ವ್ಯಾಪಾರಿ ಇದ್ದರು.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕುವುದೇ ಬೇಡ ಅನ್ನಿಸುತ್ತಿದೆ ಅಂದರೆ ಇಂಥ ಪುಸ್ತಕ ಒಂದೇ ಸಾಲದು. ಡಾಕ್ಟರ್ ಹತ್ತಿರ ಹೋಗಲೇಬೇಕು. 2022ರ ಅಕ್ಟೋಬರ್ 10ರಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮಲ್ಲಿ ಕ್ಯಾಲೆಂಡರ್ ಹಾಕಿಸುವ ಅಂಗಡಿಯವರನ್ನು ಕೇಳುತ್ತೇನೆ. ಒಪ್ಪಿದವರ ಕ್ಯಾಲೆಂಡರಿನಲ್ಲಿ ಆ ನಂಬರನ್ನು ಪುಕ್ಕಟೆ ಹಾಕಿಕೊಡುತ್ತೇನೆ, ಕೆಳಗಡೆ, ಆಂಬುಲೆನ್ಸ್ ನಂಬರಿನ ಪಕ್ಕದಲ್ಲಿ, ಅದೇ ಅಳತೆಯ ದಪ್ಪ ಅಕ್ಷರದಲ್ಲಿ.